ಬೋರಮ್ಮನ ತಿರುವು

“ಒಂದೂವರೆ ಸೆಕೆಂಡು ಕಣ್ಲಾ ಲೋಕೇಶ. ಅರ್ಧ ಅಲ್ಲ, ಒಂದೂ ಅಲ್ಲ, ಒಂದೂವರೆ!” ಎಂದು ರಂಗಣ್ಣ ಮೊಬೈಲನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು.

“ಕಾಣ್ತದೆ ಬುಡಿ. ನಂಗೂ ಕಣ್ಣವೆ.”

“ಕಣ್ಣಿದ್ರೆ ಓದು. ನಿಂದು ಒಂದು ನಿಮ್ಸ ಹದ್ನಾಲ್ಕು ಸೆಕೆಂಡು. ಅವಳ್ದು ಒಂದು ನಿಮ್ಸ ಹನ್ನೆರಡೂವರೆ. ಅದೇ ಕಾರು, ಅದೇ ಟೈರು, ಅದೇ ಟ್ಯಾಂಕಿನ ಪೆಟ್ರೋಲು.”

“ಅವಳು ಓಡ್ಸೋ ಒತ್ಗೆ ಬಿಸ್ಲು ಏರಿತ್ತು ರಂಗಣ್ಣ. ಟಾರು ಕಾದ್ರೆ ಟೈರು ಚೆನ್ನಾಗಿ ಇಡ್ಕತದೆ.”

“ಅಂಗಾರೆ ನೀನು ಮದ್ಯಾನ ಬಾರ್ಲಾ. ಟಾರ್ ಮ್ಯಾಲೆ ರೊಟ್ಟಿ ಬೇಯಿಸ್ಕಂಡು ಓಡ್ಸುವಂತೆ.”

ಹೇಳಿ ತಾವೇ ನಕ್ಕರು. ನಾನು ನಗಲಿಲ್ಲ. ಆ ಹೊತ್ತಿಗೆ ಕಾರಿನಿಂದ ಇಳಿದು ಹೆಲ್ಮೆಟ್ಟು ಕಂಕುಳಲ್ಲಿ ಇರುಕಿಕೊಂಡು ಸಂಘಮಿತ್ರಾ ನಮ್ಮ ಕಡೆಗೇ ಬರುತ್ತಿದ್ದಳು. ಮುಖದ ತುಂಬ ಬೆವರು, ಹಣೆಗೆ ಅಂಟಿದ ಕೂದಲು. ಗೆದ್ದವಳ ಹಾಗೆ ಕುಣಿದುಕೊಂಡು ಬಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು, ನೋಡಿ ಎಷ್ಟು ಕೊಬ್ಬು ಎಂದುಕೊಳ್ಳಬಹುದಿತ್ತು. ಅವಳು ಬಂದು ಕೇಳಿದ್ದು ಇಷ್ಟು:

“ಲೋಕೇಶಣ್ಣ, ಕ್ಲಚ್ಚು ಸ್ವಲ್ಪ ಜಾರ್ತಾ ಇದೆ. ನಿಮಗೂ ಹಂಗೆ ಅನ್ನಿಸ್ತಾ?”

“ನಂಗೇನೂ ಅನ್ನಿಸ್ಲಿಲ್ಲ,” ಎಂದೆ. ಅನ್ನಿಸಿತ್ತು.

ಪಾಂಡವಪುರದಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆಯಲ್ಲಿ ರಂಗಸ್ವಾಮಿಯವರ ಗ್ಯಾರೇಜು. ಕಬ್ಬಿನ ಟ್ರಾಕ್ಟರುಗಳ ರಿಪೇರಿ ಅವರ ಹೊಟ್ಟೆಪಾಡು, ಕಾರಿನ ರೇಸು ಅವರ ಹುಚ್ಚು. ಹಳೆಯ ಎಸ್ಟೀಮ್ ಕಾರೊಂದನ್ನು ತಂದು, ಒಳಗಿನ ಸೀಟು, ರೇಡಿಯೊ, ನೆಲದ ಹಾಸು ಎಲ್ಲ ಕಿತ್ತೆಸೆದು, ಕಬ್ಬಿಣದ ಕೊಳವೆಯ ಪಂಜರ ಬೆಸೆದು, ಅದಕ್ಕೊಂದು ರೇಸಿನ ಮರ್ಯಾದೆ ತಂದುಕೊಟ್ಟವರು ಅವರು. ಆರು ವರ್ಷದಿಂದ ಅವರ ಕಾರು ಓಡಿಸುತ್ತಿದ್ದವನು ನಾನೊಬ್ಬನೇ. ಮಿಕ್ಕ ದಿನಗಳಲ್ಲಿ ನಾನು ಕೆ.ಆರ್. ಪೇಟೆ ಕಡೆಯ ಹಳ್ಳಿಗಳಲ್ಲಿ ಡೈರಿ ಹಾಲಿನ ಕ್ಯಾನು ಎತ್ತುವ ವ್ಯಾನಿನ ಡ್ರೈವರು. ಆ ದಾರಿಯಲ್ಲಿ ಯಾವ ಊರಿನಲ್ಲಿ ಕೇಳಿದರೂ “ಯಾರು, ರೇಸ್ ಲೋಕೇಶನಾ?” ಅನ್ನುತ್ತಾರೆ. ಆ ಎರಡು ಪದ ಕೇಳುವುದಕ್ಕೇ ನಾನು ಬೇಕಿಲ್ಲದ ಕಡೆಯಲ್ಲೂ ವ್ಯಾನು ನಿಲ್ಲಿಸಿ ಟೀ ಕುಡಿದಿದ್ದೇನೆ.

ಸಂಘಮಿತ್ರಾ ಬಂದು ಎಂಟು ತಿಂಗಳಾಗಿತ್ತು. ಕಾರ್ಖಾನೆಗೆ ಟ್ರಾಕ್ಟರಿನಲ್ಲಿ ಕಬ್ಬು ಹೊಡೆಯುವ ಚಿಕ್ಕಮಾದಯ್ಯನವರ ಮಗಳು. ಡಿಪ್ಲೊಮಾ ಮುಗಿಸಿ ರಂಗಣ್ಣನ ಗ್ಯಾರೇಜಿಗೆ ಕೆಲಸಕ್ಕೆ ಸೇರಿದ್ದಳು. ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾಳೆ ಎಂದು ರಂಗಣ್ಣ ಬಂದವರಿಗೆಲ್ಲ ಹೇಳುತ್ತಿದ್ದರು. ಮೊದಲು ನಾನೂ ತಲೆಯಾಡಿಸುತ್ತಿದ್ದೆ. ಒಂದು ಭಾನುವಾರ “ಅವಳೂ ನಾಲ್ಕು ಸುತ್ತು ಓಡಿಸ್ಲಿ ಬುಡ್ಲಾ,” ಎಂದರು ನೋಡಿ, ಅಲ್ಲಿಂದ ನನ್ನ ತಲೆ ಆಡುವುದನ್ನು ನಿಲ್ಲಿಸಿತು.

ನಾವು ಓಡಿಸುತ್ತಿದ್ದ ಟ್ರ್ಯಾಕು ನಾಗಮಂಗಲದ ಕಡೆ ಇದೆ. ಬೆಂಗಳೂರಿನವರೊಬ್ಬರು ಕಲ್ಲುಭೂಮಿ ಕೊಂಡು ರೇಸಿಗೆಂದೇ ಟಾರು ಹಾಕಿಸಿದ್ದು. ಒಂದೂವರೆ ಕಿಲೋಮೀಟರು, ಏಳು ತಿರುವು. ಟಾರು ಬಿದ್ದು ಎರಡು ವರ್ಷವಾದರೂ ಉದ್ಘಾಟನೆ ಎಂದೋ ಯಾರಿಗೂ ಗೊತ್ತಿಲ್ಲ. ಸದ್ಯಕ್ಕೆ ಭಾನುವಾರ ಬೆಳಿಗ್ಗೆ ಅದು ನಮ್ಮದು, ಮಿಕ್ಕ ಆರು ದಿನ ಸುತ್ತಲಿನ ಊರಿನವರದು. ಸುಗ್ಗಿಯಲ್ಲಿ ರಾಗಿ, ಹುರುಳಿ ಎಲ್ಲ ಕಿತ್ತು ತಂದು ಆ ಟಾರಿನ ಮೇಲೇ ಹರಡುತ್ತಾರೆ. ದೊಡ್ಡ ರಸ್ತೆಯಲ್ಲಿ ಹರಡಿದರೆ ಪೊಲೀಸರ ಬೈಗುಳ, ಇಲ್ಲಿ ಯಾರ ಕಾಟವೂ ಇಲ್ಲ. ಕಾವಲುಗಾರನೂ ಅದೇ ಊರಿನವನು. ಟ್ರಾಕ್ಟರೋ ಆಟೊವೋ ಒಂದೆರಡು ಸಲ ಮೇಲೆ ಓಡಾಡಿದರೆ ಒಕ್ಕಣೆ ಮುಗಿಯಿತು. ಶನಿವಾರ ಸಂಜೆ ಬಾಚಿಕೊಂಡು, ಗುಡಿಸಿ ಬಿಟ್ಟುಕೊಡುತ್ತಾರೆ.

ಐದನೆಯ ತಿರುವು ಹೋದ ಕಡೆಗೇ ವಾಪಸು ಮಡಚಿಕೊಳ್ಳುತ್ತದೆ, ಬಾಗಿಸಿದ ಮೊಣಕೈಯ ಹಾಗೆ. ಅದಕ್ಕೆ ಅಂಟಿಕೊಂಡೇ ಚಿಕ್ಕಬೋರಮ್ಮನ ಹೊಲ, ಹಾಗಾಗಿ ಬೋರಮ್ಮನ ತಿರುವು. ಅದು ಮುಗಿದರೆ ಟ್ರ್ಯಾಕಿನ ಅತಿ ಉದ್ದದ ನೇರ ಹಾದಿ. ಅಲ್ಲಿ ಯಾವ ಲೈನು ಹಿಡಿಯುತ್ತೀರಿ, ಅಂದರೆ ರಸ್ತೆಯ ಅಗಲದಲ್ಲಿ ಎಲ್ಲಿಂದ ಒಳಗೆ ನುಗ್ಗಿ ಎಲ್ಲಿಗೆ ಹೊರಬರುತ್ತೀರಿ ಎನ್ನುವುದರ ಮೇಲೆ ಇಡೀ ಸುತ್ತು ನಿಂತಿದೆ. ನನ್ನ ಲೈನು ನನಗೆ ಬಾಯಿಪಾಠ. ಬ್ರೇಕು ಹಾಕುವುದರಲ್ಲಿ ನನ್ನಷ್ಟು ತಡ ಮಾಡುವವನು ನಾಲ್ಕು ತಾಲ್ಲೂಕಿನಲ್ಲಿ ಇಲ್ಲ. ಎಲ್ಲರೂ “ಹೋಯ್ತು, ಹೋಯ್ತು!” ಅನ್ನುವವರೆಗೆ ಬಿಟ್ಟು, ಆಮೇಲೆ ಒತ್ತಿ, ಟೈರು ಕಿರುಚಿಸಿಕೊಂಡು ಒಳಗೆ ತಿರುಗಿಸುತ್ತೇನೆ. ಬದುವಿನ ಮೇಲೆ ನಿಂತವರು ಸಿಳ್ಳೆ ಹೊಡೆಯುತ್ತಾರೆ. ತಿರುವಿನ ಕೊನೆಯಲ್ಲಿ ಕಾರು ಹೊರಕ್ಕೆ ಜಾರುತ್ತದೆ, ಅದು ನೆಟ್ಟಗಾಗುವವರೆಗೆ ಆಕ್ಸಿಲರೇಟರಿನಿಂದ ಕಾಲೆತ್ತಿ ಕಾಯಬೇಕು. ಆ ಕಾಯುವುದು ಯಾರಿಗೂ ಕಾಣುವುದಿಲ್ಲ.

“ಮಿಕ್ಕ ಕಡೆ ಇಬ್ರೂ ಒಂದೇ ಕಣ್ಲಾ,” ಎಂದರು ರಂಗಣ್ಣ. “ಬೋರಮ್ಮನ ತಿರುವಿಂದ ಈಚೆಗೆ ಅವಳು ಹಾರ್ಕಂಡು ಬತ್ತಾವ್ಳೆ. ನೀನು ನೋಡ್ಲಿಲ್ವಾ?”

ನೋಡಿರಲಿಲ್ಲ. ಅವಳು ಓಡಿಸುವಾಗ ನಾನು ಟ್ರ್ಯಾಕಿಗೆ ಬೆನ್ನು ಹಾಕಿ ಟೀ ಕುಡಿಯುತ್ತಿದ್ದೆ. ಲೋಟ ಖಾಲಿಯಾದ ಮೇಲೂ ಕುಡಿಯುತ್ತಿದ್ದೆ.

“ಅಣ್ಣ, ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಬೋರಮ್ಮನ ತಿರುವಲ್ಲಿ ನೀವು ಬೇಗ ತಿರುಗಿಸ್ತೀರ ಅನ್ಸ್ತದೆ,” ಎಂದಳು ಸಂಘಮಿತ್ರಾ.

“ನೋಡವ್ವ, ನೀನು ಹುಟ್ಟೋ ಒತ್ಗೆ ನಾನು ಮೆಟಡೋರು ಓಡಿಸ್ತಿದ್ದೆ.”

“ಅವಳು ಹುಟ್ದಾಗ ನಿಂಗೆ ಹದಿಮೂರು ವರ್ಷ ಕಣ್ಲಾ. ಪೆಡ್ಲು ಎಟುಕ್ತಿತ್ತಾ?” ಎಂದರು ರಂಗಣ್ಣ. ಅವಳು ನಗು ತಡೆದುಕೊಳ್ಳಲು ಹೆಲ್ಮೆಟ್ಟಿನೊಳಗೆ ಇಣುಕಿ ನೋಡತೊಡಗಿದಳು.

ಆಮೇಲೆ ರಂಗಣ್ಣ ವಿಷಯಕ್ಕೆ ಬಂದರು. ಫೆಬ್ರವರಿಯಲ್ಲಿ ಕೊಯಮತ್ತೂರಿನಲ್ಲಿ ದೊಡ್ಡ ರೇಸು. ಆರು ವರ್ಷ ಹೊಲದ ಮಣ್ಣು, ಕೆರೆಯ ಅಂಗಳ ಎಂದು ಎದ್ದುಬಿದ್ದು ಓಡಿಸಿದ್ದು ಅಲ್ಲಿಗೆ ಹೋಗುವುದಕ್ಕೇ. ಕಾರು ಒಂದು, ಸೀಟು ಒಂದು, ಕಳಿಸಬೇಕಾದ ಹೆಸರೂ ಒಂದೇ. “ಬರೋ ಭಾನ್ವಾರ ಇಬ್ರೂ ಓಡ್ಸಿ. ಯಾರ ಟೈಮು ಕಮ್ಮಿನೋ ಅವರ ಹೆಸರು ಅವತ್ತೇ ಕಳಿಸ್ತೀನಿ. ನಂಗೆ ಇಬ್ರೂ ಒಂದೇ,” ಎಂದು ಹೇಳಿ, ಫ್ಲಾಸ್ಕಿನಲ್ಲಿ ಉಳಿದ ಟೀಯನ್ನು ಅವಳ ಲೋಟಕ್ಕೆ ಬಗ್ಗಿಸಿದರು. ಆರು ವರ್ಷದಲ್ಲಿ ಆ ಕೊನೆಯ ಲೋಟ ಯಾವಾಗಲೂ ನನ್ನದಾಗಿತ್ತು. ಅದನ್ನೂ ನಾನು ನೋಡಿಟ್ಟುಕೊಂಡೆ.

ಮನೆಗೆ ಬಂದು ಊಟಕ್ಕೆ ಕೂತರೆ ಪ್ರಮೀಳಾ ನನ್ನ ಮುಖ ನೋಡಿದಳು. ನನ್ನ ಹೆಂಡತಿ ಶ್ರೀರಂಗಪಟ್ಟಣದಲ್ಲಿ ಜೆರಾಕ್ಸ್ ಅಂಗಡಿ ನಡೆಸುತ್ತಾಳೆ. ದಿನಕ್ಕೆ ನೂರು ಜನರ ಕಾಗದದ ಜೊತೆಗೆ ಮುಖವನ್ನೂ ಓದಿ ಅಭ್ಯಾಸ.

“ಸಾರು ಸಪ್ಪೆಯಾಗದಾ?”

“ಇಲ್ಲ.”

“ಮತ್ಯಾಕೆ ಬೇವಿನಕಾಯಿ ಅಗಿದಂಗೆ ಕೂತಿದ್ದೀರಾ?”

ಹೇಳಿದೆ. ಸೆಕೆಂಡಿನ ಲೆಕ್ಕ, ತಿರುವು, ಟೀ, ಎಲ್ಲ.

“ನಮ್ಮ ಮದುವೇಲಿ ನಮ್ಮತ್ತೆ ಮಗ ನನ್ನ ಪಕ್ಕ ನಿಂತ್ಕಂಡು ಹತ್ತು ಫೋಟೊ ತೆಗೆಸ್ಕಂಡ. ಅವತ್ತೂ ನೀವು ಇಷ್ಟು ಮುಖ ಕೆಡಿಸ್ಕಂಡಿರ್ಲಿಲ್ಲ ಕಣ್ರೀ,” ಎಂದಳು.

“ಅವನು ಫೋಟೊ ತೆಗೆಸ್ಕಂಡು ಹೋದ. ಇವಳು ನನ್ನ ಸೀಟು ತಕ್ಕಂಡು ಹೋಗ್ತಾವ್ಳೆ.”

“ಅವಳನ್ನೇ ಕೇಳಿ ಮತ್ತೆ. ಎಂಗೆ ತಿರುಗಿಸ್ತೀಯವ್ವ ಅಂತ. ಹೇಳದೆ ಇರೋ ಹುಡುಗಿ ಅಲ್ಲ ಅದು.”

“ನಾನು? ಅವಳನ್ನ?”

“ಸರಿ, ಅನ್ನ ಉಣ್ಣಿ,” ಎಂದು ಪ್ರಮೀಳಾ ಇನ್ನೊಂದು ಸೌಟು ಸಾರು ಹಾಕಿದಳು.

ಸೋಮವಾರವಿಡೀ ಆ ಒಂದೂವರೆ ಸೆಕೆಂಡು ನನ್ನ ಜೊತೆ ವ್ಯಾನಿನಲ್ಲಿ ಕೂತಿತ್ತು. ಒಂದೂವರೆ ಸೆಕೆಂಡು ಎಂದರೆ ಎಷ್ಟು? ಒಂದು ಕ್ಯಾನಿನ ಮುಚ್ಚಳ ತೆಗೆಯುವಷ್ಟು. ಒಂದು ಸೀನು ಸೀನುವಷ್ಟು. ಅಷ್ಟರಲ್ಲಿ ಅವಳು ನನಗಿಂತ ನೂರು ಅಡಿ ಮುಂದೆ ಹೋಗಿಬಿಡುತ್ತಾಳೆ. ಅವಳ ಪುಟ್ಟ ಕೈಗವಸು, ಕಾರಿಗೆ ಹತ್ತುವ ಮೊದಲು ಟೈರನ್ನು ಅಂಗೈಯಿಂದ ತಟ್ಟುವ ರೀತಿ, ಅವಳು ಓಡಿಸುವಾಗ ಎಂಜಿನ್ನು ಒಂದೇ ಉಸಿರಿನಲ್ಲಿ ಹಾಡಿದಂತೆ ಕೇಳುವುದು, ಒಂದೊಂದನ್ನೂ ನೆನೆದು ನೆನೆದು ಹೊಟ್ಟೆ ಉರಿಸಿಕೊಂಡೆ. ಕಾರಿನ ಮೇಲೂ ಸಿಟ್ಟು ಬಂತು. ಆರು ವರ್ಷ ಜೊತೆಗಿದ್ದದ್ದು, ಮೊನ್ನೆ ಬಂದವಳಿಗೆ ಒಲಿಯುತ್ತದೆಯೇ!

ಮಂಗಳವಾರ ಹಾಲು ಇಳಿಸಿದವನೇ ಖಾಲಿ ಕ್ಯಾನುಗಳ ಸಮೇತ ನಾಗಮಂಗಲದ ದಾರಿ ಹಿಡಿದೆ. ಟ್ರ್ಯಾಕಿನ ಗೇಟಿನಲ್ಲಿ ಕಾವಲುಗಾರನಿಗೆ, ಭಾನುವಾರ ನನ್ನ ವಾಚು ಬಿದ್ದುಹೋಗಿದೆ, ಹುಡುಕಬೇಕು ಎಂದೆ. ನಡೆದುಕೊಂಡೇ ಬೋರಮ್ಮನ ತಿರುವಿಗೆ ಹೋದೆ. ಟೈರಿನ ಗುರುತೋ, ರಬ್ಬರಿನ ಕಪ್ಪು ಗೆರೆಯೋ, ಏನಾದರೂ ಸಿಕ್ಕೀತು ಎಂಬ ಆಸೆ.

ತಿರುವಿನ ಒಳಬದಿಯ ಅರ್ಧ ರಸ್ತೆಗೆ ಹುರುಳಿ ಗಿಡ ಹರಡಿತ್ತು. ಚಿಕ್ಕಬೋರಮ್ಮ ತಲೆಗೆ ಟವೆಲು ಹೊದ್ದು, ಉದ್ದ ಕೋಲಿನಿಂದ ಗಿಡ ತಿರುವಿ ಹಾಕುತ್ತಿದ್ದಳು.

“ಯಾರ್ಲಾ ಅದು?”

“ನಾನು ಕಣಜ್ಜಿ, ಲೋಕೇಶ. ಭಾನ್ವಾರ ಕಾರು ಓಡ್ಸೋನು.”

“ಓ, ಆ ಕಿರುಚ್ಸೋನಾ? ನಿನ್ನ ಸದ್ದಿಗೆ ಭಾನ್ವಾರ ನಮ್ಮ ಎಮ್ಮೆ ಹಾಲೇ ಇಳ್ಸಕಿಲ್ಲ ಕಣ್ಲಾ. ಆ ಹೆಣ್ಮಗ ನೋಡು, ಬಂದಿದ್ದೂ ಗೊತ್ತಾಗಕಿಲ್ಲ, ಹೋಗಿದ್ದೂ ಗೊತ್ತಾಗಕಿಲ್ಲ. ಈಗ್ತಾನೆ ಬಂದು ಹೋದ್ಲು.”

“ಇವತ್ತಾ? ಯಾಕೆ?”

“ಕ್ಲಚ್ಚೋ ಗಿಚ್ಚೋ ಬದಲಾಯಿಸವ್ರಂತೆ. ಓಡ್ಸಿ ನೋಡಕ್ಕೆ ಅಂತ ಬಂದ್ಲು. ಹತ್ತು ಸಲ ಓಡಾಡಿದ್ಲು ಕಣಪ್ಪ, ಇಲ್ಲೇ.”

ನಾನು ನೆಲ ನೋಡಿದೆ. ಹುರುಳಿ ಗಿಡದ ನಡುವೆ ಎರಡು ಪಟ್ಟಿ, ಅಚ್ಚುಕಟ್ಟಾಗಿ ತುಳಿದು ಚಪ್ಪಟೆಯಾಗಿದ್ದವು. ಕಾಯಿ ಒಡೆದು ಕಾಳು ಉದುರಿತ್ತು. ಕೂತು ಗೇಣು ಹಾಕಿದೆ. ಪಟ್ಟಿಗಳ ನಡುವೆ ಆರೂವರೆ ಗೇಣು, ಎಸ್ಟೀಮಿನದೇ ಅಳತೆ. ಪಟ್ಟಿಗಳು ತಿರುವು ಶುರುವಾಗುವುದಕ್ಕೂ ಮೊದಲೇ ರಸ್ತೆಯ ಒಳ ಅಂಚಿಗೆ ಬಂದು, ಅಂಚಿಗೆ ಅಂಟಿಕೊಂಡೇ ಸುತ್ತಿ, ಕೊನೆಯಲ್ಲಿ ಒಂದೇ ಸಲ ಹೊರಕ್ಕೆ ದಾಟಿದ್ದವು.

ಒಳಗೆ! ಇಷ್ಟು ಬೇಗ! ನಾನು ತಿರುಗಿಸುವುದಕ್ಕಿಂತಲೂ ಹದಿನೈದು ಹೆಜ್ಜೆ ಮೊದಲು!

“ಅವಳು ಈ ಒಳಗಡೆಯಿಂದಲೇ ಬಂದ್ಲಾ ಅಜ್ಜಿ? ಹತ್ತು ಸಲವೂ?”

“ಊಂ, ಇಲ್ಲಿಂದ್ಲೇ. ನಾನೇ ಯೋಳ್ದೆ, ಮಗ, ಇತ್ಲಾಗ್—”

“ಸರಿ ಬುಡಜ್ಜಿ. ನನ್ನ ವಾಚು ಇಲ್ಲೆಲ್ಲೂ ಇಲ್ಲ, ನಾನು ಹೊಂಟೆ,” ಎಂದು ಮಾತು ಕತ್ತರಿಸಿದೆ. ಇನ್ನೊಂದು ನಿಮಿಷ ನಿಂತರೆ, ಯಾಕೆ ಬಂದಿದ್ದೆ ಎಂದು ಇವಳು ಹೋಗಿ ಆ ಹುಡುಗಿಗೆ ಹೇಳಿಬಿಟ್ಟಾಳು ಎಂಬ ಭಯ.

“ಕೈಗೆ ಕಟ್ಟಿರೋದು ಏನ್ಲಾ ಮತ್ತೆ?” ಎಂದು ಬೋರಮ್ಮ ಹಿಂದಿನಿಂದ ಕೂಗಿದಳು. ಎಡಗೈಯನ್ನು ಜೇಬಿಗೆ ತುರುಕಿಕೊಂಡು ಓಡುವ ನಡಿಗೆಯಲ್ಲಿ ಗೇಟಿಗೆ ಬಂದೆ.

ವ್ಯಾನಿನಲ್ಲಿ ಕೂತ ಮೇಲೆ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ‘ಬೇಗ ತಿರುಗಿಸ್ತೀರ ಅಣ್ಣ’ ಎಂದಳಲ್ಲ! ಕಳ್ಳಿ. ತಾನು ನನಗಿಂತ ಮೊದಲೇ ತಿರುಗಿಸಿ, ಒಳಗಿನ ಹತ್ತಿರದ ದಾರಿ ಹಿಡಿದು, ನನಗೆ ಮಾತ್ರ ತಡ ಮಾಡಿ ಎಂದು ಬುದ್ಧಿ ಹೇಳುತ್ತಾಳೆ. ಎಷ್ಟು ಮೆತ್ತಗೆ ಹೇಳಿದಳು, ಬೇಜಾರು ಮಾಡ್ಕೋಬೇಡಿ ಅಂತ! ಎರಡು ದಿನದಲ್ಲಿ ಮೊದಲ ಸಲ ನನಗೆ ಸಂತೋಷವಾಯಿತು. ಅವಳು ಒಳ್ಳೆಯವಳು ಎನ್ನುವುದೇ ನನಗೆ ದೊಡ್ಡ ಕಷ್ಟವಾಗಿತ್ತು ನೋಡಿ. ಈಗ ಆ ಕಷ್ಟ ಕಳೆಯಿತು.

ಬುಧವಾರದಿಂದ ಹಾಲಿನ ದಾರಿಯಲ್ಲೇ ಅಭ್ಯಾಸ ಶುರು ಮಾಡಿದೆ. ಪ್ರತಿ ತಿರುವಿನಲ್ಲೂ ಹದಿನೈದು ಹೆಜ್ಜೆ ಮೊದಲೇ ಒಳಗೆ. ಗುರುವಾರ ಒಂದು ತಿರುವಿನಲ್ಲಿ ಹಿಂದಿನ ಚಕ್ರ ಮೋರಿಯ ಅಂಚು ಹತ್ತಿ ಇಳಿಯಿತು. ಕ್ಯಾನುಗಳು ಒಂದರ ಮೇಲೊಂದು ಬಿದ್ದು ದೊಡ್ಡ ಜಾತ್ರೆಯ ತಮಟೆಯಂತೆ ಸದ್ದು. ಮುಂದಿನ ಊರಿನ ಡೈರಿ ಸೆಕ್ರೆಟರಿ ಮಂಗಳಮ್ಮ ಬಂದು ಒಂದು ಕ್ಯಾನಿನ ಮುಚ್ಚಳ ತೆಗೆದು ನೋಡಿದರು.

“ಏನ್ ಲೋಕೇಶಪ್ಪ, ನೀನು ಹಾಲು ಸಾಗಿಸ್ತಿದ್ದೀಯೋ, ದಾರೀಲೇ ಬೆಣ್ಣೆ ತೆಗೀತಿದ್ದೀಯೋ?”

“ರೋಡು ಸರಿಯಿಲ್ಲ ಮಂಗಳಕ್ಕ.”

“ರೋಡು ಹೋದ ತಿಂಗಳು ಹಾಕಿದ್ದು ಕಣಪ್ಪ.”

ಮೋರಿ ಹತ್ತಿದ ಚಕ್ರ ನನಗೆ ಏನೋ ಹೇಳಿತ್ತು. ಕೇಳಿಸಿಕೊಳ್ಳಲಿಲ್ಲ. ವ್ಯಾನು ಬೇರೆ, ಕಾರು ಬೇರೆ ಎಂದುಕೊಂಡೆ.

ಭಾನುವಾರ ಬಂತು. ಚಿಕ್ಕಮಾದಯ್ಯನವರೂ ಬಂದಿದ್ದರು. ಕಾರ್ಖಾನೆಯಲ್ಲಿ ಕಬ್ಬು ಇಳಿಸಿ, ಟ್ರೇಲರುಗಳನ್ನು ಅಲ್ಲೇ ಬಿಟ್ಟು, ಬರೀ ಟ್ರಾಕ್ಟರಿನಲ್ಲಿ ಅಷ್ಟು ದೂರ ಬಂದು ಗೇಟಿನ ಪಕ್ಕ ಬಿಳಿ ಶರ್ಟಿನಲ್ಲಿ ನಿಂತಿದ್ದರು. “ಎಂಗೋ ಓಡಿಸ್ತದೆ ಅಂತಾರೆ, ನೋಡಾನ ಅಂತ ಬಂದೆ ಲೋಕಪ್ಪ,” ಎಂದರು ನನ್ನ ಹತ್ತಿರ, ನಾಚಿಕೊಂಡು. ಮಗಳನ್ನು ನೋಡಲು ಹೀಗೆ ಬಂದು ನಿಲ್ಲುವ ಅಪ್ಪನೊಬ್ಬ ಇದ್ದಾನೆ ಎಂಬುದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮಪ್ಪ ಕಡೆಯವರೆಗೂ ನನ್ನ ರೇಸನ್ನು ‘ಪೋಲಿ ತಿರುಗಾಟ’ ಎಂದೇ ಕರೆದದ್ದು.

ಸಂಘಮಿತ್ರಾ ಮೊದಲು ಓಡಿಸಿದಳು. ನಾನು ಆಗಲೂ ಬೆನ್ನು ಹಾಕಿಯೇ ನಿಂತೆ. ಗೊತ್ತಿರುವುದನ್ನು ಏನು ನೋಡುವುದು? ಒಂದು ನಿಮಿಷ ಹನ್ನೆರಡು ಪಾಯಿಂಟು ಮೂರು ಸೆಕೆಂಡು.

ನನ್ನ ಸರದಿ. ಐದು ಸುತ್ತು. ಕೈ ಬಿಸಿಯಾಗಲಿ ಎಂದು ಮೊದಲೆರಡನ್ನು ನನ್ನ ಹಳೆಯ ಲೈನಿನಲ್ಲೇ ಓಡಿಸಿದೆ. ಎರಡನೆಯದು ಮುಗಿಸಿ ಬರುವಾಗ ರಂಗಣ್ಣ ಹಲಗೆ ಎತ್ತಿ ತೋರಿಸಿದರು: ಒಂದು ನಿಮಿಷ ಹದಿಮೂರು ಪಾಯಿಂಟು ಎರಡು. ನಾನು ಹುಟ್ಟಿ ಯಾವತ್ತೂ ಅಷ್ಟು ಬೇಗ ಸುತ್ತಿರಲಿಲ್ಲ. ಹೊಸ ಕ್ಲಚ್ಚು, ಬೆಳಗಿನ ತಂಪಿಗೆ ತೆರೆದುಕೊಂಡ ಎಂಜಿನ್ನು, ಕೈ ಹದವಾಗಿತ್ತು. ಇನ್ನು ಮೂರು ಸುತ್ತು ಉಳಿದಿದ್ದವು. ಒಂದು ಸೆಕೆಂಡಿಗಿಂತ ಕಡಿಮೆ ಬೇಕಾಗಿತ್ತು. ಆದರೆ ನನಗೆ ಬರೀ ಗೆಲುವು ಸಾಲದಾಗಿತ್ತು. ಅವಳು ಬಚ್ಚಿಟ್ಟುಕೊಂಡ ಲೈನಿನಲ್ಲೇ ಅವಳನ್ನು ಸೋಲಿಸಿ, ಇಳಿದು, ‘ನಂಗೂ ಗೊತ್ತು ಕಣವ್ವ’ ಎನ್ನಬೇಕಾಗಿತ್ತು.

ಮೂರನೆಯ ಸುತ್ತು. ಬೋರಮ್ಮನ ತಿರುವು ಬಂತು. ಹದಿನೈದು ಹೆಜ್ಜೆ ಮೊದಲು ಸ್ಟೀರಿಂಗು ಒಳಗೆ ಎಳೆದೆ.

ಮುಂದಿನ ಚಕ್ರ ಒಳ ಅಂಚಿಗೆ ಹೋದದ್ದೇ ತಡ, ಕಾರಿನ ಕೆಳಗಿನಿಂದ ನೆಲವನ್ನೇ ಯಾರೋ ಎಳೆದುಕೊಂಡಂತಾಯಿತು. ಶನಿವಾರ ಗುಡಿಸುವಾಗ ಕಾರು ಓಡುವ ಕಡೆ ಚೆನ್ನಾಗಿ ಗುಡಿಸುತ್ತಾರೆ. ಯಾರೂ ಹೋಗದ ಒಳ ಮೂಲೆಯಲ್ಲಿ ಹುರುಳಿ ಕಾಳು ಉಳಿದಿತ್ತು, ಸಾವಿರಾರು ಸಣ್ಣ ಗೋಲಿಗಳ ಹಾಗೆ. ಆಕಾಶ, ಬದು, ತೆಂಗಿನಮರ, ಮತ್ತೆ ಆಕಾಶ. ಎರಡು ಸಲ ಗಿರ್ರನೆ ತಿರುಗಿ, ರಸ್ತೆ ದಾಟಿ, ಆಚೆಯ ಹೊಲದಲ್ಲಿ ಹಿಂದುಮುಂದಾಗಿ ನಿಂತೆ. ಎಂಜಿನ್ನು ಆರಿತು. ಧೂಳು ಇಳಿಯುವವರೆಗೆ ಏನೂ ಕೇಳಿಸಲಿಲ್ಲ.

“ಬದುಕಿದ್ದೀಯೇನ್ಲಾ?” ಬೋರಮ್ಮನ ದನಿ.

“ಇದ್ದೀನಿ ಕಣಜ್ಜಿ.”

“ಅಂಗಾರೆ ಇಳಿ. ಒಲ ಎಲ್ಲ ತುಳ್ದಾಕ್ಬುಟ್ಟೆ.” ಕೋಲೂರಿಕೊಂಡು ಹತ್ತಿರ ಬಂದಳು. “ಅಲ್ಲಿಂದ ಯಾಕ್ ಬಂದ್ಲಾ ನೀನು? ಯಾವತ್ತೂ ಆ ಮೂಲೆಯಿಂದ ಬತ್ತಿರ್ಲಿಲ್ವಲ್ಲ.”

“ಅವಳು ಬರಕಿಲ್ವಾ ಅಲ್ಲಿಂದ? ಹತ್ತು ಸಲ ಬಂದ್ಲು ಅಂತ ಮಂಗಳವಾರ ನೀನೇ ಯೋಳ್ದೆ!”

ಬೋರಮ್ಮ ಕೋಲನ್ನು ನೆಲಕ್ಕೆ ಬಿಟ್ಟು ಎರಡು ಕೈಯಲ್ಲೂ ತಲೆ ಹಿಡಿದುಕೊಂಡಳು.

“ಅಯ್ಯೋ ಮೂದೇವಿ, ಅದು ಒಕ್ಕಣೆ ಕಣ್ಲಾ! ಉಳ್ಳಿಗಿಡ ಆ ಮೂಲೇಲೇ ಒತ್ತಾಗಿ ಬಿದ್ದಿತ್ತು, ಕಾಯಿ ಒಡ್ದಿರ್ಲಿಲ್ಲ. ‘ಮಗ, ಇತ್ಲಾಗ್ ಬಾ, ಈ ಒಳಗಡೆ ಒಂಚೂರು ತುಳ್ಸವ್ವ’ ಅಂತ ನಾನೇ ಕೋಲು ತೋರಿಸ್ದೆ. ಪಾಪ, ಆಮೆ ಹೋದಂಗೆ ಹೋಗಿ ತುಳ್ಸಿಕೊಟ್ಟು ಹೋದ್ಲು. ನಿಮ್ಮವ್ವ ರೋಡಲ್ಲಿ ಒಕ್ಕಣೆ ಮಾಡಿರ್ಲಿಲ್ವೇನ್ಲಾ?”

ಮಾಡಿದ್ದಳು. ಪ್ರತಿ ವರ್ಷ ಮಾಡಿದ್ದಳು. ಐದು ವರ್ಷದವನಾಗಿದ್ದಾಗ ಅವಳ ಸೆರಗು ಹಿಡಿದುಕೊಂಡು ನಾನೇ ರಸ್ತೆಯಲ್ಲಿ ನಿಂತು, ಬರುವ ಬಸ್ಸಿಗೂ ಲಾರಿಗೂ ‘ಈ ಕಡೆ ಬನ್ನಿ, ಈ ಕಡೆ’ ಎಂದು ಕೈ ಬೀಸಿದ್ದೇನೆ. ಪೈರು ಎಲ್ಲಿ ದಟ್ಟವಾಗಿದೆಯೋ ಚಕ್ರ ಅಲ್ಲಿಗೆ ಬರಬೇಕು, ಒಕ್ಕಣೆಯ ರಸ್ತೆಯ ಲೈನು ಅಷ್ಟೇ. ನಮ್ಮ ಕಡೆ ಮಾತು ಬಾರದ ಮಗುವಿಗೂ ಅದು ಗೊತ್ತು. ನನಗೆ ಮಂಗಳವಾರ ಅದು ಗೊತ್ತಿರಲಿಲ್ಲ.

ರಂಗಣ್ಣ ಏದುಸಿರು ಬಿಡುತ್ತ ಓಡಿ ಬಂದರು. ಮೊದಲು ನನ್ನ ಕೈಕಾಲು ಮುಟ್ಟಿ ನೋಡಿದರು, ಆಮೇಲೆ ಕಾರಿನದು. ಮೂತಿಗೆ ಮಣ್ಣು ತುಂಬಿತ್ತು, ಬೇರೆ ಏಟಿಲ್ಲ. ಆದರೆ ಎಷ್ಟು ಸಲ ಕೀ ತಿರುಗಿಸಿದರೂ ಸ್ಟಾರ್ಟಾಗಲಿಲ್ಲ.

“ಹದಿಮೂರು ಪಾಯಿಂಟು ಎರಡು ಒಡ್ದಿದ್ಯಲ್ಲಾ,” ಎಂದರು. “ಇನ್ನು ಮೂರು ಸುತ್ತಿತ್ತು. ನಿನ್ನ ಪಾಡಿಗೆ ನೀನು ಓಡ್ಸಿದ್ರೆ…” ಬಾನೆಟ್ಟಿನ ಮಣ್ಣು ಕೆರೆಯುತ್ತ, “ಅವಳ ಹೆಸರೇ ಕಳಿಸ್ತೀನಿ ಕಣಪ್ಪ,” ಎಂದರು.

“ಕಳ್ಸಿ,” ಎಂದೆ.

ಚಿಕ್ಕಮಾದಯ್ಯನವರ ಟ್ರಾಕ್ಟರಿನಲ್ಲಿ ಸಂಘಮಿತ್ರಾ ಬಂದಳು. ಕಾರನ್ನು ಹೊಲದಿಂದ ರಸ್ತೆಗೆ, ತಿರುವು ಶುರುವಾಗುವ ಕಡೆಗೆ ಎಳೆದು ನಿಲ್ಲಿಸಿ, ಉದ್ದದ ಹಗ್ಗ ಹಿಡಿದು ಇಳಿದಳು. ಅಷ್ಟರಲ್ಲಿ ಬೋರಮ್ಮ ನಡೆದದ್ದೆಲ್ಲವನ್ನೂ ಅವಳಿಗೆ ಒಪ್ಪಿಸಿಬಿಟ್ಟಿದ್ದಳು, ವಾಚಿನ ಕಥೆಯನ್ನೂ ಸೇರಿಸಿ.

“ಏಟು ಬಿತ್ತಾ ಅಣ್ಣ?”

“ಇಲ್ಲ. ನಗೋದಿದ್ರೆ ನಕ್ಕುಬುಡು.”

“ಈಗ ನಗಲ್ಲ. ಗ್ಯಾರೇಜಿಗೆ ಹೋದ್ಮೇಲೆ ನಗ್ತೀನಿ.”

ಅವಳು ಬಗ್ಗಿ ಹಗ್ಗ ಕಟ್ಟುವ ಕೊಕ್ಕೆ ಹುಡುಕುತ್ತಿದ್ದಳು. ಕೇಳಬಾರದು ಎಂದುಕೊಂಡಿದ್ದೆ, ಬಾಯಿ ಕೇಳಿಬಿಟ್ಟಿತು.

“ಅಂಗಾರೆ ನೀನು ನಿಜವಾಗ್ಲೂ ಎಲ್ಲಿ ತಿರುಗಿಸ್ತೀಯ?”

“ಅವತ್ತೇ ಹೇಳಿದ್ನಲ್ಲ ಅಣ್ಣ.”

“ನಾನು ಬೇಗ ತಿರುಗಿಸ್ತೀನಿ ಅಂತ ಹೇಳ್ದೆ. ಎಲ್ಲಿ ತಿರುಗಿಸ್ಬೇಕು ಅಂತ ಹೇಳ್ಲಿಲ್ಲ.”

“ನೀವು ಕೇಳಿದ್ರಾ?”

ಅವಳು ಹಗ್ಗ ಕಟ್ಟಿ, ಎದ್ದು ನಿಂತು ಕೈ ಒರೆಸಿಕೊಂಡಳು.

“ಹಿಂದೆ ಎರಡು ಟ್ರೇಲರು ಕಬ್ಬು ಇದೆ ಅಂದ್ಕೊಳಿ. ಬೇಗ ತಿರುಗಿಸಿದ್ರೆ ಹಿಂದಿನದು ಮೋರಿಗೆ ಹೋಗ್ತದೆ. ಹೊರಗಡೆ ಅಂಚಿಗೆ ಹೋಗಿ, ಇನ್ನು ತಡ ಆಯ್ತು ಅನ್ನಿಸೋವರೆಗೂ ಕಾದು, ಆಮೇಲೆ ತಿರುಗಿಸಿ. ಆಗ ಮೂತಿ ನೇರ ಹಾದಿಗೇ ನೋಡ್ತಿರ್ತದೆ, ಕಾಲು ಒತ್ತಿದ್ರೆ ಆಯ್ತು. ನಮ್ಮಪ್ಪ ಕಲಿಸಿದ್ದು ಅಷ್ಟೇ.”

“ಅಷ್ಟೇನಾ?”

“ಅಷ್ಟೇ. ಹತ್ತಿ ಅಣ್ಣ, ಸ್ಟೀರಿಂಗು ಹಿಡ್ಕೊಳಿ.”

ಅವಳು ಟ್ರಾಕ್ಟರು ಹತ್ತಿದಳು. ನಾನು ಕಾರಿನಲ್ಲಿ ಕೂತೆ. ಹಗ್ಗ ಬಿಗಿಯಾಗಿ ಕಾರು ನಿಧಾನಕ್ಕೆ ಉರುಳತೊಡಗಿತು. ಮುಂದೆ ಟ್ರಾಕ್ಟರು ತಿರುವಿನ ಹೊರ ಅಂಚಿಗೆ ಹೋಯಿತು, ಹೋಗುತ್ತಲೇ ಇತ್ತು. ನನ್ನ ಕೈ ತಡೆಯಲಿಲ್ಲ, ತಾನಾಗಿಯೇ ಒಳಕ್ಕೆ ಎಳೆಯಿತು. ಹಗ್ಗ ಸಡಿಲವಾಗಿ ನೆಲಕ್ಕೆ ಬಿತ್ತು, ಕಾರು ಅದರ ಮೇಲೆ ಹತ್ತಿ ನಿಂತಿತು. ಟ್ರಾಕ್ಟರು ನಿಂತಿತು. ಸಂಘಮಿತ್ರಾ ತಿರುಗಿ ನೋಡಿ ಕಾದಳು. ನಾನು ಇಳಿದು, ಕಾರನ್ನು ಎರಡಡಿ ಹಿಂದಕ್ಕೆ ತಳ್ಳಿ, ಚಕ್ರದ ಕೆಳಗಿನಿಂದ ಹಗ್ಗ ಬಿಡಿಸಿ, ಮತ್ತೆ ಹತ್ತಿ ಸ್ಟೀರಿಂಗನ್ನು ಹೊರ ಅಂಚಿನ ಕಡೆಗೆ ತಿರುಗಿಸಿ ಹಿಡಿದೆ.